ಆಟದ ದನಿ ಎಲ್ಲಿ ನಿಂತಿತು?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಕಂಪ್ಯೂಟರಿನಲ್ಲಿ ಆಡುವ ಆಟವೊಂದು ಸದ್ದಿಲ್ಲದೆ ನಡೆಯುತ್ತಿದ್ದರೆ ಅದಕ್ಕೆ ಮತ್ತೆ ದನಿ ಬರಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವವನಿಗೆ ಇದರ ಗೊಡವೆ ಏಕೆ ಎಂದು ಮಿತ್ರರು ಕೇಳಬಹುದು. ಆಟವೇ ಕಾಲಹರಣ, ಸದ್ದಾದರೂ ಇಲ್ಲದಿದ್ದರೆ ನೆರೆಯವರಿಗೆ ಒಳ್ಳೆಯದೇ ಅಲ್ಲವೆ ಎಂದು ಅಧ್ಯಾಪಕರು ನಗಬಹುದು. ಆ ನಗುವಿಗೆ ಉತ್ತರ ಲೇಖನದ ಕೊನೆಯ ಭಾಗದಲ್ಲಿದೆ. ಮೊದಲು ಯಂತ್ರದ ಮಾತು.

ನಮ್ಮ ವಿದ್ಯಾರ್ಥಿನಿಲಯದ ಓದುವ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರಿದೆ. ಈಗಿನ ದೊಡ್ಡ ಆಟಗಳನ್ನು ಹೊರುವ ತ್ರಾಣ ಅದಕ್ಕಿಲ್ಲ. ನಮಗಿಂತ ಹಿಂದಿನವರು ಅದರಲ್ಲಿ ಎರಡು ಹಳೆಯ ಆಟಗಳನ್ನು ಹಾಕಿ ಹೋಗಿದ್ದಾರೆ. ಒಂದು ‘ಪ್ರಿನ್ಸ್ ಆಫ್ ಪರ್ಷಿಯಾ’. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ ಬರೆದು 1989ರಲ್ಲಿ ಹೊರಬಂದದ್ದು. ಅರವತ್ತು ನಿಮಿಷಗಳೊಳಗೆ ನೆಲಮಾಳಿಗೆಯಿಂದ ಹತ್ತಿ ಬಂದು ರಾಜಕುಮಾರಿಯನ್ನು ಬಿಡಿಸಬೇಕು. ಅದರ ಸಂಗೀತವನ್ನು ಹೊಂದಿಸಿದವರು ಆತನ ತಂದೆ ಫ್ರಾನ್ಸಿಸ್ ಮೆಕ್ನರ್. ಇನ್ನೊಂದು ‘ಡೂಮ್’, ಅಮೆರಿಕದ ಟೆಕ್ಸಸ್ ಪ್ರಾಂತದ ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆ 1993ರ ಡಿಸೆಂಬರ್ 10ರಂದು ಹೊರತಂದದ್ದು. ಇದರ ಮೊದಲ ಭಾಗವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದೆಂದು ಆ ಸಂಸ್ಥೆಯವರೇ ಬಿಟ್ಟಿದ್ದರಿಂದ ಅದು ಊರೂರು ಸುತ್ತಿತು.

ಎರಡು ಆಟಗಳೂ ನಡೆಯುತ್ತಿದ್ದವು. ಆದರೆ ಡೂಮ್‌ನಲ್ಲಿ ಬಂದೂಕು ಹಾರಿಸಿದರೆ ಬೆಂಕಿ ಕಾಣುತ್ತಿತ್ತೇ ಹೊರತು ಸದ್ದು ಕೇಳುತ್ತಿರಲಿಲ್ಲ. ರಿಪೇರಿ ಅಂಗಡಿಯವರೊಬ್ಬರು ಹಿಂದೆ ಬಂದು ನೋಡಿ, ‘ಸೌಂಡ್ ಕಾರ್ಡು ಸುಟ್ಟುಹೋಗಿದೆ, ಹೊಸದು ಹಾಕಬೇಕು’ ಎಂದು ಹೇಳಿ ಹೋಗಿದ್ದರಂತೆ. ಹಣವಿಲ್ಲದ್ದರಿಂದ ಮಾತು ಅಲ್ಲಿಗೇ ನಿಂತಿತ್ತು. ಅದೇ ಕಂಪ್ಯೂಟರಿನಲ್ಲಿ ಸಂಜೆ ಹೊತ್ತು ಸಿನಿಮಾ ಹಾಡುಗಳು ಕೋಣೆ ತುಂಬ ಕೇಳಿಸುತ್ತಿದ್ದವು! ಸುಟ್ಟ ಕಾರ್ಡಿನಲ್ಲಿ ಹಾಡು ಹೇಗೆ ಬರುತ್ತದೆ ಎಂದು ಎರಡು ವರ್ಷ ಯಾರೂ ಕೇಳಲಿಲ್ಲವೆಂಬುದೇ ನನಗೆ ಆಶ್ಚರ್ಯ.

ಇಲ್ಲಿ ನಮ್ಮ ಹೊಲದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ತಂದೆಯವರು ಶಾಲೆಗೆ ಹೋದವರಲ್ಲ. ಪಂಪ್‌ಸೆಟ್ಟು ಓಡುತ್ತಿದ್ದು ಕೊನೆಯ ಮಡಿಗೆ ನೀರು ಬರದಿದ್ದರೆ ಅವರು ಆ ಮಡಿಯ ಹತ್ತಿರ ನಿಂತು ಯೋಚಿಸುವುದಿಲ್ಲ; ಬಾವಿಯ ಬಳಿಗೆ ಹೋಗಿ ಕಾಲುವೆಯ ಉದ್ದಕ್ಕೂ ನಡೆದುಕೊಂಡು ಬರುತ್ತಾರೆ. ಎಲ್ಲಿಯವರೆಗೆ ನೀರಿದೆಯೋ ಅಲ್ಲಿಯವರೆಗೆ ಎಲ್ಲವೂ ಸರಿ. ಎಲ್ಲಿ ಇಲ್ಲವೋ ಅಲ್ಲಿ ಹೆಗ್ಗಣದ ಬಿಲವೋ, ಕಿತ್ತ ಬದುವೋ, ಪಕ್ಕದ ಹೊಲದವರು ತಿರುಗಿಸಿಕೊಂಡ ಮಡೆಯೋ ಇರಲೇಬೇಕು. ‘ನೀರು ಎಲ್ಲಿಗೂ ಹೋಗಿರಾಕಿಲ್ಲ ಕಣ್ಲಾ, ಬುಡದಿಂದ ನೋಡ್ಕಂಡು ಬಾ’ ಎಂಬುದು ಅವರ ಮಾತು. ಕಂಪ್ಯೂಟರಿನ ಸದ್ದಿಗೂ ಇಂಥದೇ ಒಂದು ಕಾಲುವೆಯಿದೆ. ಆಟವೆಂಬ ಬಾವಿಯಿಂದ ಹೊರಟ ಸದ್ದು ನಾಲ್ಕೈದು ಮಡೆಗಳನ್ನು ದಾಟಿ ನಮ್ಮ ಕಿವಿಗೆ ಬರುತ್ತದೆ. ಅವು ಯಾವುವೆಂದು ತಿಳಿಯಬೇಕಾದರೆ ಹಳೆಯ ಯಂತ್ರಗಳ ಕಥೆಯನ್ನು ಸ್ವಲ್ಪ ಹೇಳಬೇಕು.

ಐಬಿಎಂ ಸಂಸ್ಥೆ 1981ರಲ್ಲಿ ಹೊರತಂದ ಪರ್ಸನಲ್ ಕಂಪ್ಯೂಟರಿನೊಳಗೆ ಒಂದು ಪುಟ್ಟ ಸ್ಪೀಕರು ಇದ್ದಿತು. ಅದು ಸಂಗೀತಕ್ಕಾಗಿ ಇಟ್ಟದ್ದಲ್ಲ; ತಪ್ಪಾದಾಗ ‘ಕೀಂ’ ಎಂದು ಕೂಗುವುದೇ ಅದರ ಮುಖ್ಯ ಉದ್ಯೋಗ. ಒಳಗೆ ಸೆಕೆಂಡಿಗೆ ಸುಮಾರು 11 ಲಕ್ಷ 93 ಸಾವಿರ ಸಲ ಮಿಡಿಯುವ ಒಂದು ಗಡಿಯಾರ. ಆ ಮಿಡಿತವನ್ನು ಒಂದು ಸಂಖ್ಯೆಯಿಂದ ಭಾಗಿಸಿದರೆ ಒಂದು ಸ್ವರ. 2712ರಿಂದ ಭಾಗಿಸಿದರೆ ಸೆಕೆಂಡಿಗೆ 440 ಕಂಪನ, ಎಂದರೆ ಪಾಶ್ಚಾತ್ಯ ವಾದ್ಯಗಾರರು ಶ್ರುತಿಗೆ ಹಿಡಿಯುವ ಸ್ವರ. ಒಂದು ಸಲಕ್ಕೆ ಒಂದೇ ಸ್ವರ, ಏರಿಳಿಸಲು ಆಗದು. ಹಳೆಯ ಆಟಗಳ ಕೀರಲು ದನಿ ಇದರಿಂದಲೇ ಹುಟ್ಟಿದ್ದು.

1987ರಲ್ಲಿ ಕೆನಡಾ ದೇಶದ ಆಡ್‌ಲಿಬ್ ಎಂಬ ಸಂಸ್ಥೆ ಒಂದು ಕಾರ್ಡನ್ನು ಮಾರಾಟಕ್ಕೆ ತಂದಿತು. ಅದರಲ್ಲಿದ್ದದ್ದು ಜಪಾನಿನ ಯಮಾಹಾ ಸಂಸ್ಥೆಯ ವೈಎಂ3812 ಎಂಬ ಚಿಪ್ಪು. ಒಂದು ತರಂಗದಿಂದ ಇನ್ನೊಂದು ತರಂಗವನ್ನು ಅಲುಗಿಸಿ ಹೊಸ ನಾದ ಹುಟ್ಟಿಸುವ ಉಪಾಯವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಹಿಡಿದು 1973ರಲ್ಲಿ ಪ್ರಕಟಿಸಿದ್ದರು. ಆ ಚಿಪ್ಪು ಮಾಡುವುದು ಅದನ್ನೇ. ಒಂಬತ್ತು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಆದರೆ ಬಂದೂಕಿನ ಸದ್ದನ್ನೋ ಮನುಷ್ಯನ ದನಿಯನ್ನೋ ಮುದ್ರಿಸಿದ್ದ ಹಾಗೆಯೇ ಕೇಳಿಸಲು ಅದಕ್ಕೆ ಬಾರದು. ಎರಡು ವರ್ಷಗಳ ಬಳಿಕ, 1989ರಲ್ಲಿ, ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ‘ಸೌಂಡ್ ಬ್ಲಾಸ್ಟರ್’ ಬಂದಿತು. ಅದೇ ಯಮಾಹಾ ಚಿಪ್ಪೂ ಇತ್ತು, ಜತೆಗೆ ಮುದ್ರಿತ ಸದ್ದನ್ನು ನುಡಿಸುವ ಭಾಗವೂ ಇತ್ತು. ಆಡ್‌ಲಿಬ್‌ಗಾಗಿ ಬರೆದ ಆಟಗಳೆಲ್ಲ ಇದರಲ್ಲೂ ಹಾಡಿದವು. ಆಡ್‌ಲಿಬ್ ಸಂಸ್ಥೆ 1992ರಲ್ಲಿ ದಿವಾಳಿಯಾಯಿತು. ಸೌಂಡ್ ಬ್ಲಾಸ್ಟರ್ ಎಂಬ ಹೆಸರು ಮಾತ್ರ ಸದ್ದಿನ ಕಾರ್ಡಿಗೇ ಪರ್ಯಾಯಪದದಂತೆ ಆಗಿಹೋಯಿತು.

ಸಂಗೀತಕ್ಕೆ ಒಂದು ಭಾಗ, ಮುದ್ರಿತ ಸದ್ದಿಗೆ ಇನ್ನೊಂದು ಭಾಗ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಬಹುತೇಕ ಸಂಗತಿಗಳಿಗೆ ಇದೇ ಬೀಗದ ಕೈ.

ಆ ಕಾಲದ ಡಾಸ್ ಎಂಬ ವ್ಯವಸ್ಥೆಯಲ್ಲಿ ಆಟಕ್ಕೂ ಕಾರ್ಡಿಗೂ ನಡುವೆ ಮಧ್ಯಸ್ಥರು ಯಾರೂ ಇರಲಿಲ್ಲ. ಆಟವೇ ನೇರವಾಗಿ ಕಾರ್ಡಿನೊಡನೆ ಮಾತಾಡಬೇಕು. ಅದಕ್ಕೆ ಮೂರು ಸಂಖ್ಯೆಗಳು ಬೇಕಾಗುತ್ತಿದ್ದವು. ಮೊದಲನೆಯದು ವಿಳಾಸ, ಸೌಂಡ್ ಬ್ಲಾಸ್ಟರಿನದು ಸಾಮಾನ್ಯವಾಗಿ 220. ಇದು ನಮ್ಮ ಎಣಿಕೆಯ ಇನ್ನೂರಿಪ್ಪತ್ತಲ್ಲ, ಹದಿನಾರರ ಲೆಕ್ಕದ 220. ನಮ್ಮ ಲೆಕ್ಕದಲ್ಲಿ 544 ಆಗುತ್ತದೆ. ಅಂಚೆಯವನಿಗೆ ಮನೆ ನಂಬರು ಇದ್ದ ಹಾಗೆ. ಎರಡನೆಯದು ಐಆರ್‌ಕ್ಯೂ, ಇದು ಕರೆಗಂಟೆ. ಕೊಟ್ಟ ಸದ್ದಿನ ತುಂಡು ನುಡಿದು ಮುಗಿದೊಡನೆ ಕಾರ್ಡು ಈ ಗಂಟೆ ಬಾರಿಸಿ ‘ಮುಂದಿನದು ಕೊಡು’ ಎನ್ನುತ್ತದೆ. ಹಳೆಯ ಕಾರ್ಡುಗಳಲ್ಲಿ ಇದು 7, ಆಮೇಲಿನ ಸೌಂಡ್ ಬ್ಲಾಸ್ಟರ್ 16ರಲ್ಲಿ ಸಾಮಾನ್ಯವಾಗಿ 5. ಮೂರನೆಯದು ಡಿಎಂಎ. ಯಜಮಾನನಿಗೆ, ಎಂದರೆ ಮುಖ್ಯ ಸಂಸ್ಕಾರಕಕ್ಕೆ, ತೊಂದರೆ ಕೊಡದೆ ಸ್ಮೃತಿಯಿಂದ ಸದ್ದನ್ನು ಹೊತ್ತು ಕಾರ್ಡಿಗೆ ಮುಟ್ಟಿಸುವ ಕೂಲಿಯಾಳು ಯಾರೆಂದು ಹೇಳುವ ಸಂಖ್ಯೆ, ಸಾಮಾನ್ಯವಾಗಿ 1.

ಈ ಮೂರರಲ್ಲಿ ಒಂದು ತಪ್ಪಿದರೂ ಸದ್ದು ಕೆಡುತ್ತದೆ. ಆದರೆ ಎಲ್ಲ ತಪ್ಪುಗಳೂ ಒಂದೇ ರೀತಿ ಕೆಡಿಸುವುದಿಲ್ಲ ಎಂಬುದನ್ನು ನಾನೇ ಸಂಖ್ಯೆಗಳನ್ನು ಬೇಕೆಂದು ಬದಲಿಸಿ ಬದಲಿಸಿ ಹಲವು ಹಳೆಯ ಆಟಗಳಲ್ಲಿ ನೋಡಿದೆ. ವಿಳಾಸ ತಪ್ಪಿದರೆ ಕಾರ್ಡೇ ಇಲ್ಲವೆಂದು ಆಟ ತಿಳಿಯುತ್ತದೆ. ಮುದ್ರಿತ ಸದ್ದು ಪೂರ್ತಿ ಮೌನ. ಕರೆಗಂಟೆಯ ಸಂಖ್ಯೆ ತಪ್ಪಿದರೆ ತಮಾಷೆಯಾಗಿರುತ್ತದೆ. ಮೊದಲ ತುಂಡು ಸರಿಯಾಗಿಯೇ ಹೋಗಿ ಮುಟ್ಟುತ್ತದೆ. ಅದು ಮುಗಿದುದನ್ನು ಕಾರ್ಡು ಒಂದು ಬಾಗಿಲಲ್ಲಿ ಗಂಟೆ ಹೊಡೆದು ತಿಳಿಸಿದರೆ ಆಟ ಇನ್ನೊಂದು ಬಾಗಿಲಲ್ಲಿ ಕಾಯುತ್ತ ನಿಂತಿರುತ್ತದೆ. ಆದ್ದರಿಂದ ಚೂರು ಸದ್ದು ಬಂದು ನಿಲ್ಲುತ್ತದೆ, ಇಲ್ಲವೆ ಗೀರು ಬಿದ್ದ ಗ್ರಾಮಫೋನು ತಟ್ಟೆಯಂತೆ ಅದೇ ಚೂರು ಮತ್ತೆ ಮತ್ತೆ ಬರುತ್ತದೆ. ಇಷ್ಟೆಲ್ಲ ಆಗುವಾಗಲೂ ಯಮಾಹಾ ಚಿಪ್ಪಿನ ಸಂಗೀತ ಮಾತ್ರ ನಿರಾತಂಕವಾಗಿ ನಡೆದಿರುತ್ತದೆ. ಅದರ ವಿಳಾಸವೇ ಬೇರೆ, 388. ಅದಕ್ಕೆ ಗಂಟೆಯೂ ಬೇಡ, ಕೂಲಿಯಾಳೂ ಬೇಡ.

ಈಗಿನ ಕಂಪ್ಯೂಟರಿನಲ್ಲಿ ಸೌಂಡ್ ಬ್ಲಾಸ್ಟರೇ ಇಲ್ಲವಲ್ಲ ಎಂದು ಕೇಳಿದರೆ ಪ್ರಶ್ನೆ ಸರಿಯಾದದ್ದೇ. 64 ಬಿಟ್ಟಿನ ವಿಂಡೋಸಿನಲ್ಲಿ ಆ ಕಾಲದ 16 ಬಿಟ್ಟಿನ ಕಾರ್ಯಕ್ರಮಗಳು ಓಡುವುದೇ ಇಲ್ಲ. ಅದಕ್ಕಾಗಿ 2002ರಿಂದ ‘ಡಾಸ್‌ಬಾಕ್ಸ್’ ಎಂಬ ಉಚಿತ ಕಾರ್ಯಕ್ರಮವೊಂದು ದೊರೆಯುತ್ತಿದೆ. ಇದು ಬಯಲಾಟದ ವೇಷಧಾರಿಯಂತೆ. ತಾನೇ ಒಂದು ಹಳೆಯ ಕಂಪ್ಯೂಟರಾಗಿ, ತಾನೇ ಸೌಂಡ್ ಬ್ಲಾಸ್ಟರಾಗಿ ಅಭಿನಯಿಸುತ್ತದೆ. ಆಟ ಅದನ್ನು ನಿಜವೆಂದೇ ನಂಬಿ 220ನೆಯ ಬಾಗಿಲನ್ನು ತಟ್ಟುತ್ತದೆ, ಡಾಸ್‌ಬಾಕ್ಸು ‘ಯಾರು?’ ಎನ್ನುತ್ತದೆ. ಅದರ ಸೆಟ್ಟಿಂಗಿನ ಫೈಲಿನಲ್ಲಿ ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಮೊದಲೇ ಬರೆದಿರುತ್ತದೆ. ಬೇರೆ ಯಂತ್ರದಲ್ಲಿ ಐಆರ್‌ಕ್ಯೂ 5 ಎಂದು ಹೊಂದಿಸಿದ್ದ ಆಟವನ್ನು ಹಾಗೆಯೇ ನಕಲು ಮಾಡಿ ತಂದರೆ ಇಲ್ಲಿ ಹೊಂದಿಕೆಯಾಗದು. ಆಟದ 5ನ್ನು 7 ಮಾಡಬಹುದು, ಇಲ್ಲವೆ ಡಾಸ್‌ಬಾಕ್ಸಿನ 7ನ್ನು 5 ಮಾಡಬಹುದು. ಎರಡನ್ನೂ ಬದಲಿಸಿದರೆ ಮತ್ತೆ ಮೊದಲಿನ ಗತಿಯೇ.

ನಮ್ಮ ಡೂಮ್‌ನ ವಿಷಯಕ್ಕೆ ಬರುತ್ತೇನೆ. ಆಟದ ಜತೆಯಲ್ಲೇ ‘ಸೆಟಪ್’ ಎಂಬ ಇನ್ನೊಂದು ಕಾರ್ಯಕ್ರಮವಿರುತ್ತದೆ. ಸಂಗೀತಕ್ಕೆ ಯಾವ ಕಾರ್ಡು, ಇತರ ಸದ್ದುಗಳಿಗೆ ಯಾವ ಕಾರ್ಡು ಎಂದು ಅದು ಬೇರೆ ಬೇರೆಯಾಗಿ ಕೇಳುತ್ತದೆ. ಅಲ್ಲಿ ಹೇಳಿದ್ದನ್ನು ‘ಡಿಫಾಲ್ಟ್’ ಎಂಬ ಹೆಸರಿನ ಫೈಲಿನಲ್ಲಿ ಬರೆದಿಡುತ್ತದೆ. ತೆರೆದು ನೋಡಿದೆ. ಸದ್ದಿನ ಸಾಧನ ಎಂಬ ಸಾಲಿನ ಎದುರು ಸೊನ್ನೆ ಇತ್ತು. ಯಾರೋ ಒಮ್ಮೆ ಸೆಟಪ್ಪಿಗೆ ಹೋಗಿ ‘ಯಾವುದೂ ಇಲ್ಲ’ ಎಂದು ಆರಿಸಿ ಬಂದಿದ್ದರು. ರಾತ್ರಿ ವಾರ್ಡನ್ನರಿಗೆ ಕೇಳಿಸದಿರಲೆಂದು ಇದ್ದರೂ ಇರಬಹುದು. ಸೆಟಪ್ಪನ್ನು ತೆರೆದು ಎರಡು ಕಡೆಯೂ ಸೌಂಡ್ ಬ್ಲಾಸ್ಟರನ್ನು ಆರಿಸಿ, 220, 7, 1 ಎಂದು ಕೊಟ್ಟು ಹೊರಬಂದೆ. ಸೊನ್ನೆಯಿದ್ದಲ್ಲಿ 3 ಬಂದಿತು. ಆಟ ತೆರೆದರೆ ಬಾಗಿಲು ಸರಿಯುವ ಸದ್ದಿಗೆ ಪಕ್ಕದ ಕೋಣೆಯವರೂ ಎದ್ದು ಬಂದರು. ಸುಟ್ಟ ಕಾರ್ಡಿನ ಕಥೆ ಅಷ್ಟೇ.

ಹೀಗೆ ಬೇಗ ಸಿಕ್ಕಿದರೆ ಸರಿ. ಸಿಗದಿದ್ದಾಗ ಕಾಲುವೆಯ ನಡುವೆ ಒಂದು ಕಡೆ ಕೈಯಿಟ್ಟು ನೋಡುವ ಉಪಾಯ ಬೇಕು. ಡಾಸ್‌ಬಾಕ್ಸಿನಲ್ಲಿ ಇದಕ್ಕೆ ಅನುಕೂಲವಿದೆ. ಆಟ ನಡೆಯುವಾಗ ಕಂಟ್ರೋಲ್ ಕೀಲಿಯನ್ನು ಒತ್ತಿಕೊಂಡು ಎಫ್6 ಒತ್ತಿದರೆ ಅಲ್ಲಿಂದ ಮುಂದಿನ ಸದ್ದೆಲ್ಲವೂ ಒಂದು ಫೈಲಿನಲ್ಲಿ ಮುದ್ರಿತವಾಗುತ್ತ ಹೋಗುತ್ತದೆ. ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಆ ಫೈಲನ್ನು ಮೊಬೈಲಿಗೆ ಹಾಕಿಕೊಂಡು ಕೇಳಬೇಕು. ಅದರಲ್ಲಿ ಸದ್ದಿದ್ದರೆ ಆಟವೂ ಡಾಸ್‌ಬಾಕ್ಸೂ ನಿರ್ದೋಷಿಗಳು. ದೋಷ ವಿಂಡೋಸಿನಲ್ಲೋ ತಂತಿಯಲ್ಲೋ ಇದೆ. ಅದರಲ್ಲೂ ಮೌನವಿದ್ದರೆ ಹೊರಗಿನ ತಂತಿಗಳನ್ನು ಎಷ್ಟು ಅಲುಗಿಸಿದರೂ ಪ್ರಯೋಜನವಿಲ್ಲ. ಒಂದೇ ಪರೀಕ್ಷೆಯಿಂದ ಅರ್ಧ ಕಾಲುವೆಯನ್ನು ಬಿಟ್ಟುಬಿಡಬಹುದು. ನಾನು ಕಂಡ ಉಪಾಯಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ದೋಷ ಒಳಗೇ ಇದೆಯೆಂದು ಗೊತ್ತಾದ ಮೇಲೆ ಡಾಸ್‌ಬಾಕ್ಸಿನ ಫೈಲಿನಲ್ಲಿ ‘ನೋಸೌಂಡ್’ ಎಂಬ ಸಾಲನ್ನು ನೋಡಬೇಕು. ಅದರ ಮುಂದೆ ‘ಟ್ರೂ’ ಎಂದಿದ್ದರೆ ಎಲ್ಲವೂ ಮೂಕ. ‘ಮಿಕ್ಸರ್’ ಎಂಬ ಆಜ್ಞೆಯನ್ನು ಬೆರಳಚ್ಚಿಸಿದರೆ ಸೌಂಡ್ ಬ್ಲಾಸ್ಟರು, ಯಮಾಹಾ ಚಿಪ್ಪು, ಹಳೆಯ ಸ್ಪೀಕರು ಇವುಗಳ ಮಟ್ಟಗಳು ಬೇರೆ ಬೇರೆಯಾಗಿ ಕಾಣುತ್ತವೆ. ಯಾವುದಾದರೂ ಸೊನ್ನೆಯಾಗಿದೆಯೆ ಎಂದು ನೋಡಬೇಕು. ಡೂಮ್‌ನ ಒಳಗೂ ಸಂಗೀತಕ್ಕೆ ಒಂದು, ಸದ್ದಿಗೆ ಒಂದು ಎಂದು 0ರಿಂದ 15ರವರೆಗಿನ ಎರಡು ಅಳತೆಗಳಿವೆ. ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಕಂಟ್ರೋಲ್ ಒತ್ತಿಕೊಂಡು ಎಸ್ ಒತ್ತಿದರೆ ಸದ್ದು ನಿಲ್ಲುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಕಡತ ಉಳಿಸಲು ದಿನವೆಲ್ಲ ಅದೇ ಎರಡು ಕೀಲಿಗಳನ್ನು ಒತ್ತಿ ರೂಢಿಯಾದ ನಮ್ಮ ಕೈಗಳು ಆಟವನ್ನು ‘ಉಳಿಸಲು’ ಹೋಗಿ ಅದರ ಬಾಯಿ ಮುಚ್ಚಿಸುತ್ತವೆ! ಅಲ್ಲಿ ಆಟ ಉಳಿಸುವುದು ಎಸ್‌ನಿಂದಲ್ಲ, ಜಿಯಿಂದ.

ಸದ್ದೆಲ್ಲ ಸರಿಯಿದ್ದು ಸಂಗೀತ ಮಾತ್ರ ಇಲ್ಲದಿರುವುದೂ ಉಂಟು. ಆಟದಲ್ಲಿ ಸಂಗೀತಕ್ಕೆ ‘ಜನರಲ್ ಮಿಡಿ’ ಎಂದು ಆರಿಸಿದ್ದರೆ ಹೀಗಾಗಬಹುದು. ಇದು 1991ರಲ್ಲಿ ವಾದ್ಯ ತಯಾರಕರೆಲ್ಲ ಒಪ್ಪಿಕೊಂಡ ಒಂದು ಕಟ್ಟಳೆ. ಇದರಲ್ಲಿ ಆಟವು ಸದ್ದನ್ನು ಕಳಿಸುವುದಿಲ್ಲ, ಸ್ವರಲಿಪಿಯನ್ನಷ್ಟೇ ಕಳಿಸುತ್ತದೆ. ಓದಿ ನುಡಿಸುವ ವಾದ್ಯ ಬೇರೆ ಇರಬೇಕು. ಆ ಕಾಲದಲ್ಲಿ ಹಣವಿದ್ದವರು ಜಪಾನಿನ ರೋಲಂಡ್ ಸಂಸ್ಥೆಯ ಪೆಟ್ಟಿಗೆಯನ್ನು ಇಟ್ಟುಕೊಂಡಿರುತ್ತಿದ್ದರು. ವಿಂಡೋಸಿನಲ್ಲಿ ಅಂಥ ಒಂದು ವಾದ್ಯ ಒಳಗೇ ಅಡಗಿದೆ. ಲಿನಕ್ಸಿನಲ್ಲಿ ಫ್ಲೂಯಿಡ್‌ಸಿಂತ್‌ನಂಥದನ್ನು ನಾವೇ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಸಾಹಿತ್ಯ ಬರೆದು ಎದುರಿಗಿಟ್ಟರೂ ಗಾಯಕನೇ ಬಾರದ ಕಛೇರಿಯಂತಾಗುತ್ತದೆ.

ಕಾಲುವೆಯ ಕೊನೆಯ ಭಾಗವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ಎಲ್ಲ ಆಟಗಳಿಗೂ, ಹೊಸವುಗಳಿಗೂ, ಒಂದೇ. ವಿಂಡೋಸಿನ ವಾಲ್ಯೂಮ್ ಮಿಕ್ಸರಿನಲ್ಲಿ ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಮಟ್ಟವಿದೆ. ಹಾಡು ಕೇಳಿಸಿ ಆಟ ಕೇಳಿಸದಿದ್ದರೆ ಮೊದಲು ಅಲ್ಲಿ ನೋಡಬೇಕು. ಎಚ್‌ಡಿಎಂಐ ತಂತಿಯಿಂದ ಪರದೆಯನ್ನು ಜೋಡಿಸಿದಾಗ ವಿಂಡೋಸು ಸದ್ದನ್ನೂ ಅದೇ ತಂತಿಯಲ್ಲಿ ಕಳಿಸಿಬಿಡುವುದುಂಟು. ಆ ಪರದೆಗೆ ಸ್ಪೀಕರೇ ಇಲ್ಲದಿದ್ದರೆ ಸದ್ದು ಮುಟ್ಟಿಯೂ ಕೇಳದು. ಯಾವ ಸಾಧನಕ್ಕೆ ಸದ್ದು ಹೋಗಬೇಕೆಂಬುದನ್ನು ಕೈಯಾರೆ ಬದಲಿಸಬೇಕು. ಸ್ಪೀಕರಿನ ಪಿನ್ನು ಹಸಿರು ತೂತಿನಲ್ಲಿದೆಯೆ, ಅದಕ್ಕೆ ಕರೆಂಟು ಬರುತ್ತಿದೆಯೆ ಎಂಬುದನ್ನು ಹೇಳಿದರೆ ಓದುಗರಿಗೆ ಅವಮಾನವಾದೀತು. ಆದರೂ ಒಮ್ಮೆ ನೋಡಿಬಿಡಿ.

2000ರ ಆಸುಪಾಸಿನ ಕೆಲವು ಆಟಗಳದು ಬೇರೆಯೇ ಪಾಡು. ಗುಹೆಯಲ್ಲಿ ಮಾರ್ದನಿ, ನೀರಿನಡಿಯಲ್ಲಿ ಮಂದದನಿ ಮುಂತಾದುವನ್ನು ಅವು ನೇರವಾಗಿ ಸೌಂಡ್ ಕಾರ್ಡಿನಿಂದಲೇ ಮಾಡಿಸುತ್ತಿದ್ದವು. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾ ಆ ನೇರ ದಾರಿಯನ್ನು ಮುಚ್ಚಿತು. ಆಟಗಳು ಕೆಟ್ಟಿರಲಿಲ್ಲ, ಕಾರ್ಡುಗಳೂ ಕೆಟ್ಟಿರಲಿಲ್ಲ, ಆದರೆ ಮಾರ್ದನಿ ಹೋಯಿತು. ಕ್ರಿಯೇಟಿವ್ ಸಂಸ್ಥೆಯವರು ‘ಆಲ್ಕೆಮಿ’ ಎಂಬ ದುಭಾಷಿಯನ್ನು ಮಾಡಿಕೊಟ್ಟರು. ಆಟದ ಹಳೆಯ ಮಾತನ್ನು ಅದು ‘ಓಪನ್ ಎಎಲ್’ ಎಂಬ ಇನ್ನೊಂದು ಭಾಷೆಗೆ ತಿರುಗಿಸಿ ಕಾರ್ಡಿಗೆ ಮುಟ್ಟಿಸುತ್ತದೆ.

ಡೂಮ್‌ನ ಇತಿಹಾಸದಲ್ಲೇ ಸದ್ದು ಕಾಣೆಯಾದ ಒಂದು ಪ್ರಸಂಗವಿದೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದು ಬಹಳ ಹಿಡಿಸಿತು. 1997ರ ಡಿಸೆಂಬರಿನಲ್ಲಿ ಅದರ ಮುಖ್ಯ ಲೇಖಕರಲ್ಲಿ ಒಬ್ಬರಾದ ಜಾನ್ ಕಾರ್ಮ್ಯಾಕ್ ಆಟದ ಮೂಲ ಬರಹವನ್ನು ಎಲ್ಲರೂ ಓದಲೆಂದು ಬಿಡುಗಡೆ ಮಾಡಿದರು. ಆದರೆ ಜನ ಆಡುತ್ತಿದ್ದ ಡಾಸಿನ ಪ್ರತಿಯನ್ನು ಕೊಡಲಾಗಲಿಲ್ಲ. ಲಿನಕ್ಸಿನ ಪ್ರತಿಯನ್ನು ಕೊಟ್ಟರು. ಏಕೆಂದರೆ ಡಾಸಿನ ಡೂಮ್‌ನಲ್ಲಿ ಸದ್ದು ನುಡಿಸುವ ಭಾಗ ಅವರದಾಗಿರಲಿಲ್ಲ. ಹೊರಗಿನವರಿಂದ ಪರವಾನಗಿ ಪಡೆದು ತಂದದ್ದು. ತಮ್ಮದಲ್ಲದ ಭಾಗವನ್ನು ಹಂಚಲು ಅವರಿಗೆ ಹಕ್ಕಿರಲಿಲ್ಲ. ಆಟದ ಲೆಕ್ಕ, ಗೋಡೆ, ರಾಕ್ಷಸರು ಎಲ್ಲ ಲೋಕದ ಪಾಲಾದರೂ ಡಾಸಿನ ದನಿ ಮಾತ್ರ ಹಿಂದೆ ಉಳಿಯಿತು. ಆಮೇಲೆ ಆ ಬರಹವನ್ನು ಹಿಡಿದು ಬೇರೆ ಬೇರೆ ಯಂತ್ರಗಳಿಗೆ ಡೂಮ್ ಕಟ್ಟಿದವರು ಸದ್ದಿನ ಭಾಗವನ್ನು ತಾವೇ ಬರೆದುಕೊಳ್ಳಬೇಕಾಯಿತು.

ಆ ಬರಹ ಹೊರಬಂದದ್ದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ನಾವು ಬಂದೂಕು ಹಾರಿಸಿದಾಗ ಆ ಸದ್ದು ಕೋಣೆಯಿಂದ ಕೋಣೆಗೆ, ತೆರೆದ ಬಾಗಿಲುಗಳ ಮೂಲಕ ಹರಿದುಹೋಗಿ ಅಲ್ಲಿರುವ ರಾಕ್ಷಸರನ್ನು ಎಚ್ಚರಿಸುವ ಹಾಗೆ ಆಟ ಲೆಕ್ಕ ಹಾಕುತ್ತದೆ. ಈ ಲೆಕ್ಕಕ್ಕೂ ಸ್ಪೀಕರಿಗೂ ಸಂಬಂಧವಿಲ್ಲ. ಆದ್ದರಿಂದ ನಮ್ಮ ಕಂಪ್ಯೂಟರು ಮೂಕವಾಗಿದ್ದ ಆ ಎರಡು ವರ್ಷಗಳಲ್ಲೂ ರಾಕ್ಷಸರಿಗೆ ನಮ್ಮ ಗುಂಡಿನ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು. ಅವರು ಬೆನ್ನ ಹಿಂದೆ ಗುರುಗುಟ್ಟಿದ್ದು ನಮಗೆ ಮಾತ್ರ ಕೇಳಿಸುತ್ತಿರಲಿಲ್ಲ. ಹುಡುಗರು ‘ಈ ಆಟ ಮೋಸದ್ದು, ಹಿಂದಿನಿಂದ ಬಂದು ಕೊಲ್ಲುತ್ತೆ’ ಎಂದು ಬೈಯುತ್ತಿದ್ದರು. ಹಿಂದಿನಿಂದ ಬರುವವನು ಕೂಗಿಕೊಂಡೇ ಬರುತ್ತಿದ್ದ.

ಈಗ ಅಧ್ಯಾಪಕರ ನಗುವಿಗೆ ಉತ್ತರ. ನಾನು ನೋಡಿದ ಒಂದು ಕಂಪ್ಯೂಟರು ಕೊಠಡಿಯಲ್ಲಿ ಯಾವ ಯಂತ್ರದಲ್ಲೂ ಸದ್ದಿರಲಿಲ್ಲ. ಕೆಟ್ಟದ್ದಲ್ಲ, ಹುಡುಗರು ಆಟ ಆಡುತ್ತಾರೆಂದು ನೋಡಿಕೊಳ್ಳುವವರು ಬೇಕೆಂದೇ ನಿಲ್ಲಿಸಿದ್ದರು. ಡಿವೈಸ್ ಮ್ಯಾನೇಜರಿನಲ್ಲಿ ಸದ್ದಿನ ಸಾಧನದ ಮೇಲೆ ಕೆಳಮುಖದ ಸಣ್ಣ ಬಾಣದ ಗುರುತು ಕಾಣಿಸಿದರೆ ಅದರ ಅರ್ಥ ಇದೇ. ಅವರ ಉದ್ದೇಶ ಒಳ್ಳೆಯದೇ, ಆಟವೂ ಕಡಿಮೆಯಾಯಿತು. ಆದರೆ ಅಲ್ಲಿಗೆ ಬರುತ್ತಿದ್ದ ನನ್ನ ಸಹಪಾಠಿಯೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಅವರು ಓದುವುದು ‘ಎನ್‌ವಿಡಿಎ’ ಎಂಬ ಉಚಿತ ಕಾರ್ಯಕ್ರಮದಿಂದ. ಆಸ್ಟ್ರೇಲಿಯಾದ ಮೈಕೆಲ್ ಕರನ್, ತಾವೇ ಕಣ್ಣಿಲ್ಲದವರು, 2006ರಲ್ಲಿ ಅದನ್ನು ಬರೆಯತೊಡಗಿದರು. ಪರದೆಯ ಮೇಲಿನ ಅಕ್ಷರವನ್ನು ಅದು ಗಟ್ಟಿಯಾಗಿ ಓದುತ್ತದೆ. ಕನ್ನಡವನ್ನೂ ಓದುತ್ತದೆ, ಉಚ್ಚಾರಣೆ ಮಾತ್ರ ತಗಡಿನ ಡಬ್ಬದೊಳಗಿಂದ ಬಂದಂತೆ. ಆ ಕೊಠಡಿಯಲ್ಲಿ ಸದ್ದು ನಿಂತ ದಿನ ನಮಗೆ ಹೋದದ್ದು ಆಟ. ಅವರಿಗೆ ಪರದೆಯೇ ಆರಿಹೋಯಿತು. ಟಿಪ್ಪಣಿಗಳನ್ನು ಇನ್ನೊಬ್ಬರಿಂದ ಓದಿಸಿಕೊಂಡು ಒಂದು ತಿಂಗಳು ಕಳೆದರು. ಯಾರನ್ನೂ ದೂರಲಿಲ್ಲ. ‘ಮೆಶಿನ್ನು ಹಾಳಾಗಿದೆ ಅಂತ ಹೇಳಿದ್ರು’ ಎಂದಷ್ಟೇ ಹೇಳಿದರು.

ಡೂಮ್‌ನಲ್ಲಿ ಕಲಿತ ನಡಿಗೆ ಅಲ್ಲಿ ಕೆಲಸಕ್ಕೆ ಬಂದಿತು. ಹಾಡು ಕೇಳಿಸುತ್ತದೆಯೆ? ಇಲ್ಲ. ಹಾಗಾದರೆ ದೋಷ ಒಂದು ಕಾರ್ಯಕ್ರಮದ್ದಲ್ಲ. ಬೇರೆ ಇಯರ್‌ಫೋನು ಹಾಕಿದರೆ? ಆಗಲೂ ಇಲ್ಲ. ವಿಂಡೋಸಿಗೆ ಸದ್ದಿನ ಸಾಧನ ಕಾಣುತ್ತಿದೆಯೆ? ಬಾಣದ ಗುರುತು ಅಲ್ಲಿ ಸಿಕ್ಕಿತು. ಎರಡು ಯಂತ್ರಗಳಲ್ಲಿ ಆ ಗುರುತೂ ಇರಲಿಲ್ಲ, ಸಾಧನದ ಹೆಸರೇ ಇರಲಿಲ್ಲ. ಯಂತ್ರ ಏಳುವಾಗಲೇ ಕಾಣುವ ಬಯೋಸ್ ಎಂಬ ಪಟ್ಟಿಯಲ್ಲಿ ಅದನ್ನು ಮುಚ್ಚಿದ್ದರು. ಅವನ್ನು ತೆರೆಯುವ ಅಧಿಕಾರ ನಮಗಿಲ್ಲ. ಆದ್ದರಿಂದ ನಾವು ನಾಲ್ವರು ಒಂದು ಅರ್ಜಿ ಬರೆದೆವು. ಆಟದ ಮಾತನ್ನು ಎತ್ತದೆ, ಓದುವವರಿಗೆ ಸದ್ದು ಬೇಕೆಂದಷ್ಟೇ ಬರೆದೆವು. ನೋಡಿಕೊಳ್ಳುವವರು ಓದಿ, ‘ಇದು ನನಗೆ ಹೊಳೆದೇ ಇರಲಿಲ್ಲಪ್ಪ’ ಎಂದು ಅಂದೇ ಬಾಗಿಲ ಬಳಿಯ ಎರಡು ಯಂತ್ರಗಳನ್ನು ತೆರೆದುಕೊಟ್ಟರು. ಸ್ಪೀಕರು ಬೇಡ, ಇಯರ್‌ಫೋನು ಇರಲಿ ಎಂದರು. ಅದು ನ್ಯಾಯವೇ.

ಆ ಸಹಪಾಠಿಯಿಂದಲೇ ನನಗೆ ಗೊತ್ತಾದ ಒಂದು ಆಟದ ಹೆಸರನ್ನು ಹೇಳಬೇಕು. ಜಪಾನಿನ ಕೆಂಜಿ ಏನೋ ಎಂಬವರ ಸಂಸ್ಥೆ 1997ರಲ್ಲಿ ‘ರಿಯಲ್ ಸೌಂಡ್: ಕಾಜೆ ನೋ ರಿಗ್ರೆಟ್’ ಎಂಬುದನ್ನು ಹೊರತಂದಿತು. ಅದರಲ್ಲಿ ನೋಡಲು ಚಿತ್ರವೇ ಇಲ್ಲ. ಕಣ್ಣು ಕಾಣದವರೂ ಕಾಣುವವರೂ ಸಮನಾಗಿ ಆಡಲೆಂದು ಪೂರ್ತಿ ಕಿವಿಯಿಂದಲೇ ಆಡುವ ಹಾಗೆ ಮಾಡಿದರು. ಅದು ಜಪಾನಿ ಭಾಷೆಯಲ್ಲಿರುವುದರಿಂದ ನಮಗೆ ದಕ್ಕದು. ಡೂಮ್ ನಮಗೆ ದಕ್ಕಿದೆ. ಈಗ ಅವರು ಭಾನುವಾರ ವಿದ್ಯಾರ್ಥಿನಿಲಯಕ್ಕೆ ಬಂದರೆ ಪಕ್ಕದಲ್ಲಿ ಕುಳಿತು ‘ಎಡಗಡೆ ಬಾಗಿಲು ತೆಗೀತು ನೋಡೋ’ ಎಂದು ಆಡುವವನಿಗಿಂತ ಮೊದಲೇ ಹೇಳುತ್ತಾರೆ. ಎಡ ಬಲ ಸರಿಯಾಗಿ ಬರಬೇಕಾದರೆ ಸ್ಪೀಕರುಗಳನ್ನು ಅದಲುಬದಲಾಗಿ ಇಟ್ಟಿರಬಾರದು. ನಮ್ಮಲ್ಲಿ ಹಾಗೆ ಇಟ್ಟಿದ್ದರೆಂದು ಕಂಡುಹಿಡಿದವರೂ ಅವರೇ.

ಪ್ರಿನ್ಸ್ ಆಫ್ ಪರ್ಷಿಯಾವನ್ನು ಹಳೆಯ ಸ್ಪೀಕರಿನ ದನಿಯಲ್ಲಿ ಆಡುವವರು ಡಾಸ್‌ಬಾಕ್ಸಿನ ಮಿಕ್ಸರಿನಲ್ಲಿ ಸ್ಪೀಕರಿನ ಮಟ್ಟವನ್ನು 30ಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. 100ರಲ್ಲಿ ಬಿಟ್ಟರೆ ಕತ್ತಿಯ ಪ್ರತಿ ಹೊಡೆತಕ್ಕೂ ವಾರ್ಡನ್ನರು ಮೆಟ್ಟಿಲು ಹತ್ತಿ ಬರುತ್ತಾರೆ.